ಲೇತಿನಿಂದ ಲ್ಯಾಪ್‌ಟಾಪಿಗೆ: ದಾವಣಗೆರೆ–ಹರಿಹರದ ರೀಕಂಡಿಷನ್ ಯಂತ್ರಗಳು

ಬಳಸಿದ ಯಂತ್ರವನ್ನು ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ದುಡಿಮೆಗೆ ಹಚ್ಚುವ ಪದ್ಧತಿ ದಾವಣಗೆರೆ–ಹರಿಹರದ ಕೈಗಾರಿಕಾ ಪಟ್ಟಿಗೆ ಕಂಪ್ಯೂಟರಿಗಿಂತ ಹಳೆಯದು. ಕರೂರು ಕೈಗಾರಿಕಾ ಪ್ರದೇಶದಂಥ ಕಡೆ ಸಣ್ಣ ವರ್ಕ್‌ಶಾಪಿನ ಮಾಲೀಕರು ಕಚೇರಿಯ ಹಳೆಯ ಕಂಪ್ಯೂಟರ್ ತೆಗೆದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಕೊಳ್ಳಹೊರಟಾಗ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಹಿಂದಿನ ತಲೆಮಾರು ಲೇತ್ ಕೊಳ್ಳುವಾಗ ಕೇಳಿದವೇ: ಯಾವ ಭಾಗ ಸವೆದಿದೆ, ಏನನ್ನು ಬದಲಿಸಿದ್ದಾರೆ, ಬಿಡಿಭಾಗ ಮುಂದೆಯೂ ಸಿಗುತ್ತದೆಯೇ, ಕೆಟ್ಟರೆ ಯಾರು ನೋಡುತ್ತಾರೆ. ಒಂದು ಪ್ರಶ್ನೆ ಮಾತ್ರ ಕಂಪ್ಯೂಟರಿನ ಜೊತೆಗೆ ಬಂದದ್ದು. ಎಲ್ಲೂ ಸವೆಯದ ಯಂತ್ರವೂ ಬೇರೆಲ್ಲೋ ನಿಗದಿಯಾದ ದಿನಾಂಕಕ್ಕೆ ಹಳತಾಗಿಬಿಡುತ್ತದೆ.

1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ಶುರುವಾಯಿತು. ಆಮೇಲೆ ಒಂದರ ಹಿಂದೊಂದು ಮಿಲ್ಲು ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಮಿಲ್ಲು ಇದ್ದಲ್ಲಿ ಫಿಟ್ಟರು, ಟರ್ನರು, ವೆಲ್ಡರು ಬೇಕೇ ಬೇಕು. ನೂಲುವ ಯಂತ್ರದ ಒಂದು ಗೇರು ಮುರಿದರೆ ವಿದೇಶದಿಂದ ಬಿಡಿಭಾಗ ಬರುವವರೆಗೆ ಕಾಯಲು ಆಗುತ್ತಿರಲಿಲ್ಲ. 1941ರಲ್ಲಿ, ಮಹಾಯುದ್ಧ ಆಮದನ್ನು ಬಿಗಿಹಿಡಿದಿದ್ದ ಹೊತ್ತಿನಲ್ಲಿ, ಕಿರ್ಲೋಸ್ಕರ್ ಬಳಗ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಕಟ್ಟಿತು. ಕಾರ್ಖಾನೆಯ ಸುತ್ತಲಿನ ವಸತಿಗೆ ಯಂತ್ರಾಪುರ ಎಂದೇ ಹೆಸರಾಯಿತು. ಬೆಂಗಳೂರಿನಲ್ಲಿ ಎಚ್‌ಎಂಟಿ ಆರಂಭವಾಗಿದ್ದು 1953ರಲ್ಲಿ. ಅದಕ್ಕೂ ಹನ್ನೆರಡು ವರ್ಷ ಮೊದಲು ತುಂಗಭದ್ರೆಯ ದಂಡೆಯ ಈ ಊರು ಲೇತ್ ತಯಾರಿಕೆಗೆ ಇಳಿದಿತ್ತು. 1951ರಲ್ಲಿ ದಾವಣಗೆರೆಗೆ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯ ಬಂದವು.

ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಮಾದರಿಯ ಲೇತ್‌ಗಳು ದೇಶದ ಉದ್ದಗಲಕ್ಕೂ ಹೋದವು. ಹೊಸದಕ್ಕೆ ಬಂಡವಾಳ ಸಾಲದವರು ಹಳೆಯದನ್ನು ಹುಡುಕಿದರು. ಲೇತಿನಲ್ಲಿ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹೆಚ್ಚಿನ ಕೆಲಸ ಚಕ್‌ನ ಹತ್ತಿರವೇ ನಡೆಯುವುದರಿಂದ ಅಲ್ಲಿನ ಬೆಡ್ ತಗ್ಗಾಗುತ್ತದೆ, ಟೈಲ್‌ಸ್ಟಾಕ್ ಕಡೆಯ ಬೆಡ್ ಹೊಸದರಂತೆಯೇ ಉಳಿದಿರುತ್ತದೆ. ಹಾಗಾಗಿ ನಿಜವಾದ ರೀಕಂಡಿಷನ್ ಎಂದರೆ ಬೆಡ್ಡನ್ನು ಗ್ರೈಂಡ್ ಮಾಡಿ, ನೀಲಿ ಬಣ್ಣ ಹಚ್ಚಿ ಉಬ್ಬು ಗುರುತಿಸಿ, ಕೈಯಿಂದ ಸ್ಕ್ರೇಪ್ ಮಾಡಿ ಮಟ್ಟಕ್ಕೆ ತರುವುದು, ಸ್ಪಿಂಡಲ್ ಬೇರಿಂಗ್ ಮತ್ತು ಹಾಫ್‌ನಟ್ ಬದಲಿಸುವುದು, ಕೊನೆಗೆ ಟೆಸ್ಟ್ ಬಾರ್ ಕಟ್ಟಿ ಡಯಲ್ ಗೇಜಿನಲ್ಲಿ ತೋರಿಸುವುದು. ಇದಕ್ಕೆ ವಾರಗಟ್ಟಲೆ ಬೇಕು. ಒರೆಸಿ, ಹಸಿರು ಬಣ್ಣ ಹೊಡೆದು ನಿಲ್ಲಿಸಲು ಒಂದು ದಿನ ಸಾಕು. ಎರಡೂ ರೀಕಂಡಿಷನ್ ಎಂಬ ಹೆಸರಿನಲ್ಲೇ ಮಾರಾಟವಾಗುತ್ತವೆ. ಬಲ್ಲ ಟರ್ನರ್ ಬಣ್ಣ ನೋಡುವುದಿಲ್ಲ, ಚಕ್ ಪಕ್ಕದ ಬೆಡ್ಡಿನ ಮೇಲೆ ಬೆರಳಾಡಿಸುತ್ತಾನೆ.

ಹೊಸ ಶತಮಾನದ ಆರಂಭದಲ್ಲಿ ಮೈಸೂರು ಕಿರ್ಲೋಸ್ಕರ್ ಮುಚ್ಚಿತು. ದಾವಣಗೆರೆಯ ಮಿಲ್ಲುಗಳು ಅದಕ್ಕೆ ಮೊದಲೇ ಒಂದೊಂದಾಗಿ ನಿಲ್ಲತೊಡಗಿದ್ದವು. ಸಾವಿರಾರು ಮನೆಗಳ ಸಂಬಳ ನಿಂತಿತು. ಈ ನಷ್ಟವನ್ನು ಯಾವ ಲೆಕ್ಕದಿಂದಲೂ ಸರಿದೂಗಿಸಲಾಗದು. ಆದರೆ ಆ ಕಂಪನಿ ಮಾಡಿದ ಲೇತ್‌ಗಳು ನಿಲ್ಲಲಿಲ್ಲ. ತಯಾರಕನೇ ಇಲ್ಲದ ಯಂತ್ರಕ್ಕೆ ಬಿಡಿಭಾಗವನ್ನು ಸ್ಥಳೀಯವಾಗಿ ಮಾಡಿಕೊಳ್ಳಬಹುದು ಎಂಬುದೇ ಕಬ್ಬಿಣದ ಯಂತ್ರದ ದೊಡ್ಡ ಗುಣ. ಕಂಪ್ಯೂಟರಿಗೆ ಈ ಗುಣವಿಲ್ಲ.

ಕಂಪ್ಯೂಟರ್ ಈ ಭಾಗದ ಕಚೇರಿಗಳಿಗೆ ತಡವಾಗಿ, ಆದರೆ ಬೇಗ ಬೇಗ ಬಂತು. 1984ರ ಹೊಸ ಕಂಪ್ಯೂಟರ್ ನೀತಿ ಆಮದನ್ನು ಸಡಿಲಿಸಿತು, 1991ರ ಉದಾರೀಕರಣ ದಾರಿಯನ್ನು ಇನ್ನಷ್ಟು ತೆರೆಯಿತು. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದಾಗಿ ಕಂಪ್ಯೂಟರಿನ ಮೇಲಿನ ಆಮದು ಸುಂಕ 2005ರ ಹೊತ್ತಿಗೆ ಸೊನ್ನೆಗೆ ಇಳಿಯಿತು. ಆ ಕಾಲದ ಸಣ್ಣ ಊರುಗಳ ಕಂಪ್ಯೂಟರ್ ಬಹುಪಾಲು ಅಸೆಂಬಲ್ಡ್. ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ಟು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬರುತ್ತಿದ್ದವು, ಜೋಡಣೆ ಊರಿನ ಅಂಗಡಿಯಲ್ಲಿ ಆಗುತ್ತಿತ್ತು. ಪಕ್ಕದಲ್ಲಿ ಕರೆಂಟು ಹೋದಾಗ ಕೂಗುವ ಯುಪಿಎಸ್, ಮೇಜಿನ ಅರ್ಧ ನುಂಗುವ ಸಿಆರ್‌ಟಿ ಮಾನಿಟರು. ಲೆಕ್ಕಕ್ಕೆ 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ. ಕನ್ನಡಕ್ಕೆ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಡಿಟಿಪಿ ಅಂಗಡಿಗಳಲ್ಲಿ ಪೇಜ್‌ಮೇಕರ್ ಮತ್ತು ಶ್ರೀಲಿಪಿ.

ಅಂಥ ಯಂತ್ರಗಳು ಹದಿನೈದು, ಇಪ್ಪತ್ತು ವರ್ಷ ಉಳಿದುಕೊಂಡದ್ದಕ್ಕೆ ಜಿಪುಣತನ ಕಾರಣವಲ್ಲ. ಶ್ರೀಲಿಪಿ ಕೆಲಸ ಮಾಡಬೇಕಾದರೆ ಕಂಪ್ಯೂಟರಿನ ಹಿಂದೆ ಡಾಂಗಲ್ ಎಂಬ ಬೀಗ ಸಿಕ್ಕಿಸಿರಬೇಕಿತ್ತು. ಮೊದಲಿನ ಡಾಂಗಲ್‌ಗಳು ಪ್ರಿಂಟರ್ ಸೇರಿಸುವ ಪ್ಯಾರಲಲ್ ಪೋರ್ಟಿಗೆ ಕೂರುತ್ತಿದ್ದವು, ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ವರ್ಕ್‌ಶಾಪಿನ ಕಥೆಯೂ ಇಂಥದ್ದೇ. ಹಳೆಯ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವುದು ಆರ್‌ಎಸ್ 232 ಎಂಬ ಸೀರಿಯಲ್ ಪೋರ್ಟಿನ ಮೂಲಕ. ಆ ಪೋರ್ಟು ಇರುವ ಹಳೆಯ ಡೆಸ್ಕ್‌ಟಾಪ್ ಹೋದರೆ ಲಕ್ಷಾಂತರ ರೂಪಾಯಿಯ ಯಂತ್ರ ಸುಮ್ಮನೆ ಕೂರುತ್ತದೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಸಿಗುತ್ತದೆ, ಆದರೆ ಎಲ್ಲ ಕೇಬಲ್ಲೂ ಎಲ್ಲ ಯಂತ್ರದೊಂದಿಗೆ ಹೊಂದುವುದಿಲ್ಲ. ಹೀಗಾಗಿ ಬಲ್ಲವರು ಹೊಸದು ಬಂದ ಮೇಲೂ ಹಳೆಯದನ್ನು ಇಂಟರ್ನೆಟ್ಟಿನಿಂದ ಬೇರ್ಪಡಿಸಿ ಅದೊಂದೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ.

ಕಚೇರಿಯ ಕಂಪ್ಯೂಟರಿಗೆ ಮಾತ್ರ ಆ ಸವಲತ್ತು ಉಳಿಯಲಿಲ್ಲ. 2005ರ ಏಪ್ರಿಲ್ 1ರಂದು ಕರ್ನಾಟಕಕ್ಕೆ ವ್ಯಾಟ್, 2017ರ ಜುಲೈ 1ರಂದು ದೇಶಕ್ಕೆ ಜಿಎಸ್‌ಟಿ ಬಂತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ–ವೇ ಬಿಲ್ ಅನ್ವಯಿಸಿದ ಮೊದಲ ರಾಜ್ಯ ಕರ್ನಾಟಕವೇ. ಐದು ಕೋಟಿ ರೂಪಾಯಿ ಮೀರಿದ ವಹಿವಾಟಿಗೆ 2023ರ ಆಗಸ್ಟ್ 1ರಿಂದ ಇ–ಇನ್ವಾಯ್ಸ್ ಕಡ್ಡಾಯವಾಯಿತು. ಲಾರಿ ಗೇಟಿನಲ್ಲಿ ನಿಂತಿರುವಾಗ ವಿಂಡೋಸ್ ಎಕ್ಸ್‌ಪಿಯ ಹಳೆಯ ಬ್ರೌಸರಿನಲ್ಲಿ ಸರ್ಕಾರಿ ಪೋರ್ಟಲ್ ತೆರೆಯದಿದ್ದರೆ ಮಾಲು ಹೊರಡುವುದಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಕೊನೆಯದಕ್ಕೆ ಒಂದು ವರ್ಷದ ಹೆಚ್ಚುವರಿ ಭದ್ರತಾ ನವೀಕರಣ ಮನೆಬಳಕೆಯವರಿಗೆ ಸಿಕ್ಕಿತು.

ಇದೇ ದಿನಾಂಕಗಳು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ವ್ಯಾಪಾರದ ಸರಕನ್ನೂ ಒದಗಿಸುತ್ತವೆ. ದೊಡ್ಡ ಕಂಪನಿಗಳು ಲ್ಯಾಪ್‌ಟಾಪನ್ನು ಮೂರು, ನಾಲ್ಕು ವರ್ಷಕ್ಕೆ ಬದಲಿಸುತ್ತವೆ, ಹಲವು ಕಂಪನಿಗಳು ಲೀಸಿಗೆ ಪಡೆದು ಅವಧಿ ಮುಗಿದ ಮೇಲೆ ಹಿಂದಿರುಗಿಸುತ್ತವೆ. ಬೆಂಗಳೂರಿನಲ್ಲಿ ಅಂಥ ಕಂಪನಿಗಳಿಗೆ ಬರವಿಲ್ಲ. ಲಾಟುಗಟ್ಟಲೆ ಮಾರಾಟವಾದ ಲ್ಯಾಪ್‌ಟಾಪ್‌ಗಳನ್ನು ವ್ಯಾಪಾರಿಗಳು ವಿಂಗಡಿಸಿ, ಡಿಸ್ಕ್ ಅಳಿಸಿ, ಎಸ್‌ಎಸ್‌ಡಿ, ರ‍್ಯಾಮ್ ಹಾಕಿ, ಎ, ಬಿ, ಸಿ ಎಂದು ಗ್ರೇಡ್ ಕೊಟ್ಟು ರಾಜ್ಯದ ಊರುಗಳಿಗೆ ಕಳಿಸುತ್ತಾರೆ. ಗ್ರೇಡ್ ಹೇಳುವುದು ಹೆಚ್ಚಾಗಿ ಮೈಮೇಲಿನ ಗೀರುಗಳ ಕಥೆಯನ್ನು, ಒಳಗಿನ ಸ್ಥಿತಿಯನ್ನಲ್ಲ. 2020ರ ಲಾಕ್‌ಡೌನಿನಲ್ಲಿ ಪಾಠ ಆನ್‌ಲೈನ್ ಆದಾಗ ಈ ಲ್ಯಾಪ್‌ಟಾಪ್‌ಗಳು ಕಾರ್ಖಾನೆಯ ಕಚೇರಿಗಳಲ್ಲದೆ ಮನೆಗಳಿಗೂ ಹೊಕ್ಕವು.

ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್‌ಗಳೇ ಈ ವ್ಯಾಪಾರದಲ್ಲಿ ಹೆಚ್ಚು ಕಾಣುವುದು, ಕಂಪನಿಗಳು ಕೊಳ್ಳುವುದು ಅವನ್ನೇ ಆದ್ದರಿಂದ. ಅದೇ ಬೆಲೆಯ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಇವುಗಳ ಹಿಂಜ್, ಕೀಬೋರ್ಡ್ ಗಟ್ಟಿ, ಮುಚ್ಚಳ ಬಿಚ್ಚುವುದು ಸುಲಭ. 2018ರ ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಬ್ಯಾಟರಿ, ಅದರಲ್ಲಿ ಒಂದನ್ನು ಹೊರಗಿನಿಂದಲೇ ಕಳಚಬಹುದು. ಕರೆಂಟು ಕೈಕೊಡುವ ಕೈಗಾರಿಕಾ ಪ್ರದೇಶದಲ್ಲಿ ಇದು ಯುಪಿಎಸ್ಸಿನ ಖರ್ಚನ್ನೇ ಉಳಿಸುತ್ತದೆ.

ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಪ್ರೊಸೆಸರ್ ಯಾವ ತಲೆಮಾರಿನದು ಎಂಬುದನ್ನು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ, ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರನ್ನೂ ಕೇಳುತ್ತದೆ. ಐ5 8350 ಎಂಬಲ್ಲಿ ಮೊದಲ 8, ಐ5 10210 ಎಂಬಲ್ಲಿ ಮೊದಲ 10 ಆ ತಲೆಮಾರನ್ನು ಹೇಳುತ್ತವೆ. ಬರೀ ‘ಐ7’ ಎಂಬ ಸ್ಟಿಕರಿಗೆ ಮನಸೋಲುವುದು ಲೇತಿನ ಹಸಿರು ಬಣ್ಣಕ್ಕೆ ಮನಸೋತಂತೆ. ಆರನೇ ತಲೆಮಾರಿನ ಐ7ಕ್ಕಿಂತ ಎಂಟನೆಯ ಐ5 ಈಗ ಹೆಚ್ಚು ಬಾಳುವ ಸರಕು. ಕೆಲವರು ಅಡ್ಡದಾರಿಯಲ್ಲಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ತುಂಬಿ ಕೊಡುತ್ತಾರೆ. ಅದಕ್ಕೆ ಮುಂದಿನ ನವೀಕರಣಗಳ ಖಾತ್ರಿ ಇಲ್ಲ, ತೆರಿಗೆ ಲೆಕ್ಕ ಇಡುವ ಕಚೇರಿಗೆ ಅದು ಸಲ್ಲದು.

ಆಮೇಲೆ ಸವೆತ. ಲ್ಯಾಪ್‌ಟಾಪಿನಲ್ಲಿ ಮೊದಲು ಸೋಲುವುದು ಬ್ಯಾಟರಿ. ತಯಾರಾದಾಗಿನ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ಚಾರ್ಜಿಗೆ ಎಷ್ಟು ಎಂಬ ವರದಿಯನ್ನು ವಿಂಡೋಸೇ ಕೊಡುತ್ತದೆ, ಅದನ್ನು ತೆಗೆಸಿ ನೋಡಬೇಕು. ಎಸ್‌ಎಸ್‌ಡಿಯ ಆರೋಗ್ಯವನ್ನೂ ಉಚಿತ ತಂತ್ರಾಂಶದಲ್ಲಿ ಓದಬಹುದು. ಹಿಂಜ್, ಚಾರ್ಜಿಂಗ್ ಪೋರ್ಟ್, ಒಂದೊಂದು ಕೀಲಿ, ಬಿಳಿ ಪರದೆಯ ಮೇಲಿನ ಕಲೆ, ಅರ್ಧ ಗಂಟೆ ದುಡಿಸಿದಾಗಿನ ಫ್ಯಾನಿನ ಸದ್ದು ಇವೆಲ್ಲ ಅಂಗಡಿಯಲ್ಲೇ ನೋಡುವಂಥವು. ಮುಚ್ಚಳದ ಮೇಲೆ ಹೊಸ ವಿನೈಲ್ ಅಂಟಿಸಿದ್ದರೆ ಅದರಡಿ ಬಿರುಕಿದೆಯೇ ಎಂದು ಒತ್ತಿ ನೋಡುವುದು ತಪ್ಪಲ್ಲ. ತೆಳು ಮಾದರಿಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಮುಂದೆ ಹೆಚ್ಚಿಸಲಾಗದು. ಇವೆಲ್ಲಕ್ಕಿಂತ ಮೋಸದ ದೋಷ ಕಣ್ಣಿಗೆ ಕಾಣದು. ಹಿಂದಿನ ಕಂಪನಿಯ ಬಯಾಸ್ ಪಾಸ್‌ವರ್ಡ್ ಅಥವಾ ದೂರದಿಂದ ನಿಯಂತ್ರಿಸುವ ನೋಂದಣಿ ತೆಗೆಯದೆ ಉಳಿದಿದ್ದರೆ, ವಿಂಡೋಸ್ ಮತ್ತೆ ತುಂಬಿದ ದಿನ ಲ್ಯಾಪ್‌ಟಾಪ್ ಹಳೆಯ ಒಡೆಯನ ಲಾಗಿನ್ ಕೇಳಿ ಕೂರುತ್ತದೆ.

ಬಿಲ್ಲಿನಲ್ಲಿ ಸೀರಿಯಲ್ ನಂಬರ್, ವಾರಂಟಿಯ ಅವಧಿ, ಬ್ಯಾಟರಿಗೂ ಅದು ಅನ್ವಯವೇ ಎಂಬುದು ಬರೆದಿರಬೇಕು. ಬಳಸಿದ ಸರಕಿನ ವ್ಯಾಪಾರಿ ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲಷ್ಟೇ ಜಿಎಸ್‌ಟಿ ಕಟ್ಟುವ ವಿಧಾನ ಕಾನೂನಿನಲ್ಲಿದೆ, ಆದ್ದರಿಂದ ಇನ್‌ಪುಟ್ ಕ್ರೆಡಿಟ್ ಬೇಕಾದವರು ಬಿಲ್ ಯಾವ ಬಗೆಯದೆಂದು ಮೊದಲೇ ಕೇಳಿಕೊಳ್ಳುವುದು ಲೇಸು.

ಹಳೆಯದರಿಂದ ಹೊಸದಕ್ಕೆ ಕಡತ ಸಾಗಿಸುವಾಗ ಕನ್ನಡದ್ದೇ ಒಂದು ತೊಡಕಿದೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬರೆದ ಪತ್ರ, ಕರಪತ್ರ, ಲಗ್ನಪತ್ರಿಕೆಗಳು ಆ ಫಾಂಟು ಇಲ್ಲದ ಲ್ಯಾಪ್‌ಟಾಪಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಈ ಕೆಲಸ ಮುಗಿಸಬೇಕು.

ಉಳಿದದ್ದು ಹಳೆಯ ಕಂಪ್ಯೂಟರಿನ ವಿಲೇವಾರಿ. ಬಹುಕಾಲ ಅದು ಗುಜರಿ ಗಾಡಿ ಹತ್ತುತ್ತಿತ್ತು. ಸಿಆರ್‌ಟಿಯ ಗಾಜಿನಲ್ಲಿ ಸೀಸವಿದೆ, ತಾಮ್ರಕ್ಕಾಗಿ ವೈರು ಸುಟ್ಟಾಗ ಏಳುವ ಹೊಗೆ ವಿಷ, ಅದನ್ನು ಉಸಿರಾಡುವವರು ಊರಿನ ಅತಿ ಬಡವರು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲಿ ಇ–ಪರಿಸರ ಎಂಬ ಇ–ತ್ಯಾಜ್ಯ ಸಂಸ್ಕರಣಾ ಘಟಕ ಕೆಲಸ ಆರಂಭಿಸಿತು. ಮೊದಲ ಇ–ತ್ಯಾಜ್ಯ ನಿಯಮಗಳು 2012ರ ಮೇ 1ರಂದು ಜಾರಿಗೆ ಬಂದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳು ತ್ಯಾಜ್ಯ ಮರುಸಂಸ್ಕರಿಸುವವರ ಜೊತೆಗೆ ರಿಫರ್ಬಿಶ್ ಮಾಡುವವರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆನ್ನುತ್ತವೆ. ನೋಂದಾಯಿತ ಘಟಕಕ್ಕೆ ಒಪ್ಪಿಸುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಇಡಬೇಕು. ಅದರಲ್ಲಿ ಕಾರ್ಖಾನೆಯ ಲೆಕ್ಕದ ಜೊತೆಗೆ ಕಾರ್ಮಿಕರ ಆಧಾರ್, ಬ್ಯಾಂಕ್ ಖಾತೆಯ ವಿವರಗಳೂ ಇರುತ್ತವೆ, ಫೈಲ್ ಡಿಲೀಟ್ ಮಾಡಿದ ಮಾತ್ರಕ್ಕೆ ಅವು ಅಳಿಯುವುದಿಲ್ಲ.