ವೈಡ್ ಆಂಗಲ್ ಲೆನ್ಸಿಗೆ ಹೊರಗಿನ ವ್ಯೂಫೈಂಡರ್: ಬಳಸುವ ಕ್ರಮ

ಫೋಟೋ ತೆಗೆಯುವ ಹವ್ಯಾಸವುಳ್ಳ ಸದಸ್ಯರಿಗಾಗಿ ಈ ಮಾಹಿತಿ. ಮನೆಯ ಹಿರಿಯರಿಂದ ಬಂದ ಹಳೆಯ ಕ್ಯಾಮೆರಾ ಬೀರುವಿನಲ್ಲಿದ್ದವರಿಗೆ ಹೆಚ್ಚು ಉಪಯೋಗವಾಗಬಹುದು.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಪಕ್ಕದಲ್ಲಿರುವ ಬೇರೊಂದು ಕಿಂಡಿಯಲ್ಲಿ ನೋಡುತ್ತೇವೆ. ಲೆನ್ಸಿನ ಮುಚ್ಚಳ ತೆಗೆಯಲು ಮರೆತರೂ ಕಿಂಡಿಯಲ್ಲಿ ದೃಶ್ಯ ಚೆನ್ನಾಗಿಯೇ ಕಾಣುತ್ತದೆ. 36 ಚಿತ್ರಗಳ ರೋಲ್ ತೊಳೆಸಿ ತಂದ ದಿನವೇ ನಿಜ ತಿಳಿಯುವುದು. ಕಣ್ಣು ನೋಡುವುದು ಬೇರೆ, ಲೆನ್ಸ್ ನೋಡುವುದು ಬೇರೆ ಎಂಬ ಈ ಅಂತರ ವೈಡ್ ಆಂಗಲ್ ಲೆನ್ಸ್ ಹಾಕಿದಾಗ ಇನ್ನಷ್ಟು ದೊಡ್ಡದಾಗುತ್ತದೆ.

ಯಾಕೆ ಬೇಕು?

ಕ್ಯಾಮೆರಾದೊಳಗಿನ ಕಿಂಡಿಗೆ ಒಂದು ಮಿತಿ ಇದೆ. 1954ರ ಲೈಕಾ ಎಂ3ರಲ್ಲಿ 50, 90 ಮತ್ತು 135 ಮಿ.ಮೀ. ಲೆನ್ಸುಗಳಿಗೆ ಮಾತ್ರ ಚೌಕಟ್ಟಿನ ಗೆರೆಗಳಿದ್ದವು. 35 ಮಿ.ಮೀ. ಲೆನ್ಸ್ ಹಾಕಿದವರು ಹೊರಗಿನ ಫೈಂಡರ್ ಬಳಸಬೇಕಿತ್ತು, ಇಲ್ಲವೇ ಕನ್ನಡಕದಂಥ ಗಾಜು ಜೋಡಿಸಿದ ಲೆನ್ಸ್ ಕೊಳ್ಳಬೇಕಿತ್ತು. 1984ರ ಎಂ6ರಲ್ಲಿ 28 ಮಿ.ಮೀ. ಗೆರೆಯೂ ಇದೆ, ಆದರೆ ಕನ್ನಡಕ ಹಾಕುವವರಿಗೆ ಅದರ ನಾಲ್ಕೂ ಅಂಚು ಒಟ್ಟಿಗೆ ಕಾಣುವುದು ಕಷ್ಟ. 21 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 90 ಡಿಗ್ರಿ ನೋಡುತ್ತದೆ. ಅಷ್ಟು ಅಗಲದ ದೃಶ್ಯ ಆ ಕಿಂಡಿಯಲ್ಲಿ ಹಿಡಿಸುವುದೇ ಇಲ್ಲ. ಆದ್ದರಿಂದ ಫ್ಲ್ಯಾಶ್ ಕೂರಿಸುವ ಶೂಗೆ ಆಯಾ ಲೆನ್ಸಿನ ಅಳತೆಯ ಫೈಂಡರ್ ಸಿಕ್ಕಿಸುತ್ತಾರೆ. ಕೊಸಿನಾ ಕಂಪನಿ 1999ರಲ್ಲಿ ತಂದ ಫೋಕ್ಟ್‌ಲೆಂಡರ್ ಬೆಸ್ಸಾ-ಎಲ್ ಕ್ಯಾಮೆರಾದಲ್ಲಂತೂ ಒಳಗೆ ಕಿಂಡಿಯೇ ಇಲ್ಲ. ಎಲ್ಲವೂ ಹೊರಗಿನ ಫೈಂಡರಿನಿಂದಲೇ.

ಬಳಸುವ ಕ್ರಮ

1. ಮೊದಲು ಲೆನ್ಸಿನ ಮುಚ್ಚಳ ತೆಗೆಯಿರಿ.
2. ಒಳಗಿನ ಕಿಂಡಿಯಲ್ಲಿ ನೋಡಿ ಫೋಕಸ್ ಮಾಡಿ. ಎಂ6ರಂಥ ಕ್ಯಾಮೆರಾದಲ್ಲಿ ಬೆಳಕಿನ ಮೀಟರ್ ಸೂಚನೆಯೂ ಅಲ್ಲೇ ಇರುತ್ತದೆ. ಅದನ್ನೂ ಆಗಲೇ ಹೊಂದಿಸಿಕೊಳ್ಳಿ.
3. ಆಮೇಲೆ ಕಣ್ಣನ್ನು ಮೇಲಿನ ಫೈಂಡರಿಗೆ ತಂದು ಚೌಕಟ್ಟು ನೋಡಿ ಕ್ಲಿಕ್ ಮಾಡಿ.

ಪ್ರತಿ ಸಲವೂ ಎರಡು ಕಿಂಡಿ ನೋಡುತ್ತ ಕೂತರೆ ಎದುರಿಗಿದ್ದವರ ನಗು ಮಾಯವಾಗುತ್ತದೆ. ಇದಕ್ಕೊಂದು ಸುಲಭ ಉಪಾಯವಿದೆ. 21 ಮಿ.ಮೀ. ಲೆನ್ಸಿನಲ್ಲಿ ಎಫ್/8 ಇಟ್ಟು, ದೂರವನ್ನು 2 ಮೀಟರಿಗೆ ಹೊಂದಿಸಿದರೆ ಸುಮಾರು 1 ಮೀಟರಿನಿಂದ ದಿಗಂತದವರೆಗೂ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಹಗಲು ಬೆಳಕಿನಲ್ಲಿ ಹೀಗೆ ಇಟ್ಟುಕೊಂಡರೆ ಮೇಲಿನ ಫೈಂಡರ್ ಒಂದೇ ಸಾಕು. 28 ಮಿ.ಮೀ. ಲೆನ್ಸಾದರೆ ಅದೇ ಎಫ್/8ಕ್ಕೆ ದೂರವನ್ನು ಸುಮಾರು ಮೂರೂಕಾಲು ಮೀಟರಿಗೆ ಇಡಬೇಕು. ಆಗ ಒಂದೂಮುಕ್ಕಾಲು ಮೀಟರಿನಿಂದಾಚೆ ಎಲ್ಲವೂ ಸ್ಪಷ್ಟ.

ತಲೆ ಕತ್ತರಿಸಿಹೋಗುವ ದೋಷ

ಹೊರಗಿನ ಫೈಂಡರ್ ಲೆನ್ಸಿಗಿಂತ ಕೆಲವು ಸೆಂಟಿಮೀಟರ್ ಎತ್ತರದಲ್ಲಿ ಕೂರುತ್ತದೆ. ಇದರಿಂದ ಬರುವ ವ್ಯತ್ಯಾಸಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಎತ್ತರ 7 ಸೆಂ.ಮೀ. ಎಂದುಕೊಳ್ಳಿ. ಫೈಂಡರ್ ಮತ್ತು ಲೆನ್ಸ್ ಒಂದೇ ನೇರಕ್ಕೆ ನೋಡುತ್ತಿದ್ದರೆ, ಫೈಂಡರಿನಲ್ಲಿ ಕಂಡ ದೃಶ್ಯದ ಮೇಲಿನ 7 ಸೆಂ.ಮೀ. ಫಿಲಂಗೆ ಬರುವುದಿಲ್ಲ, ಕೆಳಗೆ ಅಷ್ಟೇ ಹೆಚ್ಚಾಗಿ ಬರುತ್ತದೆ. 21 ಮಿ.ಮೀ. ಲೆನ್ಸನ್ನು ಅಡ್ಡ ಹಿಡಿದಾಗ 3 ಮೀಟರ್ ದೂರದಲ್ಲಿ ಚಿತ್ರದ ಎತ್ತರ ಸುಮಾರು 3.4 ಮೀಟರ್, ಅಲ್ಲಿ 7 ಸೆಂ.ಮೀ. ಹೋದರೆ ಗೊತ್ತಾಗುವುದಿಲ್ಲ. 1 ಮೀಟರ್ ದೂರದಲ್ಲಾದರೆ ಎತ್ತರ 1.14 ಮೀಟರ್ ಮಾತ್ರ. ಅಲ್ಲಿ 7 ಸೆಂ.ಮೀ. ಎಂದರೆ ಅಂಚಿಗೆ ತಾಗಿ ನಿಂತ ಅಜ್ಜನ ಪೇಟವೇ ಹೋದೀತು. ಪರಿಹಾರ ಸರಳ: ಚೌಕಟ್ಟು ನೋಡಿದ ಮೇಲೆ ಕ್ಯಾಮೆರಾವನ್ನು ಓರೆ ಮಾಡದೆ ಅಷ್ಟೇ ಎತ್ತರ ಮೇಲೆತ್ತಿ, ಇಲ್ಲವೇ ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ. ಕೆಲವು ಫೈಂಡರುಗಳಲ್ಲಿ ಹತ್ತಿರದ ದೃಶ್ಯಕ್ಕೆಂದೇ ಮೇಲ್ಗಡೆ ಚುಕ್ಕಿಗೆರೆ ಇರುತ್ತದೆ. ಅದರೊಳಗೆ ತಲೆ ಬಂದರೆ ಸರಿ.

ಇತರ ಎಚ್ಚರಿಕೆಗಳು

ವೈಡ್ ಆಂಗಲ್ ಲೆನ್ಸನ್ನು ಸ್ವಲ್ಪ ಮೇಲಕ್ಕೆ ಓರೆ ಮಾಡಿದರೂ ಕಂಬಗಳು, ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣುತ್ತವೆ. ಕ್ಯಾಮೆರಾ ಮಟ್ಟಸವಾಗಿರಲಿ. ಫೈಂಡರಿನಲ್ಲಿ ಅಂಚಿನ ಗೆರೆಗಳು ಬಾಗಿ ಕಂಡರೆ ಗಾಬರಿ ಬೇಡ. ಅದು ಹೆಚ್ಚಾಗಿ ಫೈಂಡರಿನ ಗಾಜಿನ ದೋಷ, ಚಿತ್ರದಲ್ಲಿ ಬರಬೇಕೆಂದಿಲ್ಲ. ಶೂ ಸಡಿಲವಾಗಿದ್ದರೆ ಫೈಂಡರ್ ಎಲ್ಲೋ ಬಿದ್ದು ಕಳೆದುಹೋಗುತ್ತದೆ; ಹೊರಡುವ ಮುನ್ನ ಅಲುಗಾಡಿಸಿ ನೋಡಿ. ಶೂ ಒಂದೇ ಆದ್ದರಿಂದ ಫೈಂಡರ್ ಇದ್ದಾಗ ಅಲ್ಲಿ ಫ್ಲ್ಯಾಶ್ ಹಾಕಲಾಗದು.

ಡಿಜಿಟಲ್ ಬಳಸುವವರು ಇನ್ನೊಂದು ಲೆಕ್ಕ ನೆನಪಿಡಬೇಕು. 2006ರ ಲೈಕಾ ಎಂ8ರ ಸೆನ್ಸರ್ ಫಿಲಂಗಿಂತ ಚಿಕ್ಕದು. ಅದರಲ್ಲಿ 21 ಮಿ.ಮೀ. ಲೆನ್ಸ್ 28 ಮಿ.ಮೀ.ನಷ್ಟೇ ನೋಡುತ್ತದೆ; ಫೈಂಡರ್ ಸಹ 28ರದ್ದೇ ಬೇಕು.

ಹೊಸದಾಗಿ ಕೊಂಡವರು ಮೊದಲ ರೋಲನ್ನು ಪರೀಕ್ಷೆಗೇ ಮೀಸಲಿಡಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಫೈಂಡರಿನ ನಾಲ್ಕು ಮೂಲೆ ಗುರುತು ಮಾಡಿ, 1, 2 ಮತ್ತು 3 ಮೀಟರಿನಿಂದ ಚಿತ್ರ ತೆಗೆದು ನೋಡಿ. ನಿಮ್ಮ ಫೈಂಡರ್ ಎಷ್ಟು ತಪ್ಪುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿದ ದಿನ ತಿಳಿಯುವುದಕ್ಕಿಂತ ಅದು ಮೇಲು.