ಕೆಮ್ಮಿನ ಸೀಸೆ ಮತ್ತು ಜಿಲ್ಲಾ ಯೋಜನೆ: 1961ರ ತುಮಕೂರು ಕ್ಷಯ ಅಧ್ಯಯನದ ಮರುಓದು

ಸ್ವತಂತ್ರ ಭಾರತದ ಸಾರ್ವಜನಿಕ ಆರೋಗ್ಯದ ಚರಿತ್ರೆ ಬರೆದವರು ಮಲೇರಿಯಾ, ಸಿಡುಬು, ಕುಟುಂಬ ಯೋಜನೆಗಳಿಗೆ ಕೊಟ್ಟಷ್ಟು ಪುಟಗಳನ್ನು ಕ್ಷಯಕ್ಕೆ ಕೊಟ್ಟಿಲ್ಲ. ಕೊಟ್ಟ ಕಡೆಯೂ ಮದ್ರಾಸಿನ ಚಿಕಿತ್ಸಾ ಪ್ರಯೋಗ, ಚೆಂಗಲ್ಪಟ್ಟಿನ ಬಿಸಿಜಿ ಲಸಿಕೆ ಪ್ರಯೋಗಗಳ ಮಾತೇ ಹೆಚ್ಚು. ಆಗಿನ ಮೈಸೂರು ರಾಜ್ಯದ ತುಮಕೂರು ಜಿಲ್ಲೆಯಲ್ಲಿ 1960-61ರಲ್ಲಿ ನಡೆದ ಕೆಲಸ ಅಡಿಟಿಪ್ಪಣಿಗೆ ಇಳಿದುಬಿಟ್ಟಿದೆ. ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಮುಂದಿನ ಮೂರು ದಶಕ ನಿಂತದ್ದು ಆ ಕೆಲಸದ ಮೇಲೆ. ಈ ಲೇಖನದ ವಾದ ಇಷ್ಟು: ತುಮಕೂರಿನ ಅಧ್ಯಯನವು ರೋಗಿಯ ಬಗ್ಗೆ ಯೋಜಕರಿಗಿದ್ದ ನಂಬಿಕೆಯನ್ನು ತಲೆಕೆಳಗು ಮಾಡಿತು, ಅದರ ಆಧಾರದ ಮೇಲೆ ಕಟ್ಟಿದ ಯೋಜನೆ ಮಾತ್ರ ಆಸ್ಪತ್ರೆಯ ಬಗೆಗಿನ ನಂಬಿಕೆಯನ್ನು ಅಷ್ಟೇ ಕಟುವಾಗಿ ಪರೀಕ್ಷಿಸಲಿಲ್ಲ.

ಹಿನ್ನೆಲೆ ದೊಡ್ಡದು, ಚಿಕ್ಕದಾಗಿ ಹೇಳಬೇಕು. 1946ರ ಭೋರ್ ಸಮಿತಿ ವರದಿಯ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಸಕ್ರಿಯ ಕ್ಷಯ ರೋಗಿಗಳಿದ್ದರು, ವರ್ಷಕ್ಕೆ ಸುಮಾರು 5 ಲಕ್ಷ ಮಂದಿ ಸಾಯುತ್ತಿದ್ದರು. ಅವರಿಗಿದ್ದ ಹಾಸಿಗೆಗಳು ಸುಮಾರು 6,000. ಮದನಪಲ್ಲಿಯ ಆರೋಗ್ಯವರಂ, ಮೈಸೂರಿನ ಜನ ಇಂದಿಗೂ ಪಿಕೆಟಿಬಿ ಎನ್ನುವ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಆಸ್ಪತ್ರೆ, ಇಂಥ ಸ್ಯಾನಟೋರಿಯಂಗಳು ಒಳ್ಳೆಯ ಗಾಳಿ, ಒಳ್ಳೆಯ ಊಟ, ದೀರ್ಘ ವಿಶ್ರಾಂತಿಯ ಮೇಲೆ ನಿಂತಿದ್ದವು. ರೋಗಿಗಳ ಲೆಕ್ಕಕ್ಕೆ ತಕ್ಕಂತೆ ಅವನ್ನು ಕಟ್ಟುತ್ತಾ ಹೋಗುವುದು ಯಾವ ಸರ್ಕಾರದ ಕೈಯಲ್ಲೂ ಆಗದ ಮಾತು. 1950ರ ದಶಕದ ಮೂರು ಬೆಳವಣಿಗೆಗಳು ಈ ಗಂಟನ್ನು ಸಡಿಲಿಸಿದವು. 1952ರಲ್ಲಿ ಐಸೋನಿಯಜಿಡ್ ಎಂಬ ಅಗ್ಗದ ಮಾತ್ರೆ ಬಂತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ, ಕ್ಷಯ ಪಟ್ಟಣದ ಕಾಯಿಲೆ ಎಂಬ ಹಳೆಯ ತಿಳಿವಳಿಕೆಯನ್ನು ಒಡೆಯಿತು: ಹಳ್ಳಿಯಲ್ಲೂ ಪೇಟೆಯಲ್ಲೂ ಪ್ರಮಾಣ ಹೆಚ್ಚುಕಡಿಮೆ ಒಂದೇ, ನೂರಕ್ಕೆ ಸುಮಾರು ಒಂದೂವರೆ ಮಂದಿಯ ಎಕ್ಸ್‌ರೇಯಲ್ಲಿ ಸಕ್ರಿಯ ರೋಗದ ಚಿಹ್ನೆ, ಸಾವಿರಕ್ಕೆ ಸುಮಾರು ನಾಲ್ವರ ಕಫದಲ್ಲಿ ರೋಗಾಣು. ಮೂರನೆಯದು 1959ರಲ್ಲಿ ಪ್ರಕಟವಾದ ಮದ್ರಾಸ್ ಫಲಿತಾಂಶ. ಇಕ್ಕಟ್ಟಿನ ಮನೆಯಲ್ಲಿ, ಅರೆಹೊಟ್ಟೆಯಲ್ಲಿ ಇದ್ದು ಒಂದು ವರ್ಷ ಮಾತ್ರೆ ನುಂಗಿದವರೂ ಸ್ಯಾನಟೋರಿಯಂನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾದರು. ಮನೆಯಲ್ಲೇ ಇದ್ದರೆಂದು ಅವರ ಮನೆಮಂದಿಗೆ ಸೋಂಕಿನ ಅಪಾಯವೇನೂ ಹೆಚ್ಚಲಿಲ್ಲ.

ಅಲ್ಲಿಗೆ ಔಷಧಿ ಗೊತ್ತಾಯಿತು, ರೋಗಿಗಳ ಸಂಖ್ಯೆ ಗೊತ್ತಾಯಿತು, ಹಾಸಿಗೆ ಬೇಕಿಲ್ಲವೆಂದೂ ಗೊತ್ತಾಯಿತು. ಗೊತ್ತಿಲ್ಲದ್ದು ಒಂದೇ: ಹಳ್ಳಿಯಲ್ಲಿರುವ ರೋಗಿಯನ್ನೂ ಮಾತ್ರೆಯನ್ನೂ ಒಂದೆಡೆ ತರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತಲೆ ಎತ್ತಿತು. 1959ರಲ್ಲಿ ಆರಂಭವಾದ ಸಂಸ್ಥೆಯನ್ನು 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರು ಉದ್ಘಾಟಿಸಿದರು. ಅದರ ಹಿಂದೆ ಭಾರತ ಸರ್ಕಾರದ ಕ್ಷಯ ಸಲಹೆಗಾರ ಪಿ. ವಿ. ಬೆಂಜಮಿನ್ ಇದ್ದರು. ವಿಶ್ವ ಆರೋಗ್ಯ ಸಂಸ್ಥೆಯಿಂದ ಹಾಲ್ಫ್‌ಡನ್ ಮಾಹ್ಲರ್, ಸ್ಟಿಗ್ ಆಂಡರ್ಸನ್ ಇದ್ದರು. ಹತ್ತಾರು ವೈದ್ಯರು, ಸಂಖ್ಯಾಶಾಸ್ತ್ರಜ್ಞರ ನಡುವೆ ಸಮಾಜ ವಿಜ್ಞಾನದ ಕಡೆಗೆ ಹೊರಳಿದ ಒಬ್ಬ ವೈದ್ಯರೂ ಇದ್ದರು, ದೇಬಬರ್ ಬ್ಯಾನರ್ಜಿ. ಮುಂದೆ ಮಾಹ್ಲರ್ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರ ಆಲ್ಮಾ-ಆಟಾ ಘೋಷಣೆ ಬಂದದ್ದು ಅವರ ಕಾಲದಲ್ಲಿ. ಪ್ರಾಥಮಿಕ ಆರೋಗ್ಯ ಸೇವೆಯ ಆ ಜಾಗತಿಕ ಮಂತ್ರಕ್ಕೂ ತುಮಕೂರಿನ ಹಳ್ಳಿಗಳಿಗೂ ನಂಟಿದೆ ಎಂದರೆ ಅತಿಯಾಯಿತು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ತುಮಕೂರನ್ನು ಆರಿಸಿಕೊಂಡದ್ದರಲ್ಲಿ ವಿಶೇಷವೇನೂ ಕಾಣದು, ಅದು ವಿಶೇಷವಿಲ್ಲದ ಜಿಲ್ಲೆ ಎಂಬುದೇ ವಿಶೇಷ. ಹತ್ತು ತಾಲ್ಲೂಕು, 1961ರ ಜನಗಣತಿಯಲ್ಲಿ 13 ಲಕ್ಷ ದಾಟಿದ ಜನ, ಪಾವಗಡ-ಶಿರಾ ಕಡೆ ಬರ, ತಿಪಟೂರು-ಗುಬ್ಬಿ ಕಡೆ ತೆಂಗು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ವ್ಯಾನು ಸಂಜೆಗೆ ಹಿಂತಿರುಗಬಹುದಾದಷ್ಟು ಹತ್ತಿರ. ರಾಜ್ ನಾರಾಯಣ್ ಮತ್ತು ಸಂಗಡಿಗರ ಸಮೀಕ್ಷಾ ತಂಡ ಆರಿಸಿದ ಹಳ್ಳಿಗಳಲ್ಲಿ ಮನೆಮನೆಯ ಜನರನ್ನು ಪಟ್ಟಿ ಮಾಡಿತು, ತೋಳಿಗೆ ಟ್ಯುಬರ್ಕ್ಯುಲಿನ್ ಚುಚ್ಚಿತು, ಚುಚ್ಚಿದ ಜಾಗ ಎಷ್ಟು ಗಟ್ಟಿಯಾಗಿ ಉಬ್ಬಿದೆ ಎಂದು ಅಳೆಯಲು ದಿನಗಳ ನಂತರ ಮತ್ತೆ ಬಂತು. ಎದೆಯ ಚಿಕ್ಕ ಎಕ್ಸ್‌ರೇ ಚಿತ್ರ ತೆಗೆದು, ಅನುಮಾನ ಬಂದವರ ಕಫ ತೆಗೆದುಕೊಂಡಿತು. ಕಫದಲ್ಲಿ ರೋಗಾಣು ಇದ್ದವರ ಪ್ರಮಾಣ ಮತ್ತೆ ಸಾವಿರಕ್ಕೆ ನಾಲ್ವರ ಆಸುಪಾಸಿಗೇ ಬಂತು. ಇಡೀ ಜಿಲ್ಲೆಗೆ ಗುಣಿಸಿದರೆ ಸುಮಾರು ಐದು ಸಾವಿರ ಸೋಂಕು ಹರಡುವ ರೋಗಿಗಳು.

ಇಲ್ಲಿಯವರೆಗಿನದು ರೂಢಿಯ ಸಮೀಕ್ಷೆ. ಬ್ಯಾನರ್ಜಿ ಮತ್ತು ಆಂಡರ್ಸನ್ ಅದರ ಬೆನ್ನಿಗೆ ಇನ್ನೊಂದು ಅಧ್ಯಯನ ಕಟ್ಟಿದರು. ಅದು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಕ್ಸ್‌ರೇಯಲ್ಲಿ ನೆರಳು ಕಂಡವರನ್ನೂ, ಅದೇ ವಯಸ್ಸಿನ, ಅದೇ ಲಿಂಗದ, ನೆರಳು ಕಾಣದವರನ್ನೂ ಅವರವರ ಊರಿನಲ್ಲೇ ಮಾತನಾಡಿಸಿದರು. ಪ್ರಶ್ನೆಗಳು ಸರಳ. ಕೆಮ್ಮಿದೆಯೇ, ಜ್ವರ ಬರುತ್ತದೆಯೇ, ಎದೆ ನೋವೇ, ಕಫದಲ್ಲಿ ರಕ್ತ ಬಿದ್ದಿದೆಯೇ? ಇದರಿಂದ ಚಿಂತೆಯಾಗಿದೆಯೇ? ಆಗಿದ್ದರೆ ಏನು ಮಾಡಿದಿರಿ, ಎಲ್ಲಿಗೆ ಹೋದಿರಿ? ಆ ಕಾಲದ ಯೋಜಕರ ಮನಸ್ಸಿನಲ್ಲಿದ್ದ ಹಳ್ಳಿಯ ರೋಗಿ ಅಜ್ಞಾನಿ. ಕಾಯಿಲೆ ಗುರುತಿಸಲಾರ, ಗುರುತಿಸಿದರೂ ದೇವರಿಗೆ ಹರಕೆ ಹೊತ್ತು ಕೂರುವವ. ಅವನನ್ನು ಹುಡುಕಿ ಹಿಡಿಯಲು ಎಕ್ಸ್‌ರೇ ವ್ಯಾನು ಬೇಕು, ತಿಳಿಹೇಳಲು ಪ್ರಚಾರ ಬೇಕು ಎಂಬುದು ಅವರ ಲೆಕ್ಕ.

ಬಂದ ಉತ್ತರ ಬೇರೆ. ಕಫದಲ್ಲಿ ರೋಗಾಣು ಇದ್ದವರಲ್ಲಿ ಶೇ. 95ರಷ್ಟು ಮಂದಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿತ್ತು. ಶೇ. 72ರಷ್ಟು ಮಂದಿ ಅದರಿಂದ ಚಿಂತೆಗೆ ಬಿದ್ದಿದ್ದರು. ಶೇ. 52ರಷ್ಟು ಮಂದಿ ಅದಾಗಲೇ ಅಲೋಪತಿ ವೈದ್ಯ ಸಂಸ್ಥೆಯೊಂದಕ್ಕೆ ಹೋಗಿ ಬಂದಿದ್ದರು. ಹೋದವರಲ್ಲಿ ಹೆಚ್ಚಿನವರಿಗೆ ಸಿಕ್ಕದ್ದು ಒಂದು ಸೀಸೆ ಕೆಮ್ಮಿನ ಔಷಧಿ. ಕಫ ನೋಡಿದವರಿಲ್ಲ, ಮತ್ತೆ ಬಾ ಎಂದವರಿಲ್ಲ. ಡಿಸ್ಪೆನ್ಸರಿಯ ಕಾಂಪೌಂಡರು ಸೀಸೆಯ ಮೇಲೆ ಅಂಟಿಸಿದ ಕಾಗದದ ಗೆರೆ ನೋಡಿಕೊಂಡು ದಿನಕ್ಕೆ ಮೂರು ಗುಟುಕು ಕುಡಿದು, ಸೀಸೆ ಮುಗಿದ ಮೇಲೂ ಕೆಮ್ಮು ಮುಗಿಯದಾಗ ಆ ರೋಗಿ ಮತ್ತೆ ಹೋಗಲಿಲ್ಲವೆಂದರೆ ಅಜ್ಞಾನ ಯಾರದು?

ಈ ಮೂರು ಅಂಕಿಗಳನ್ನು ಸಾಮಾನ್ಯವಾಗಿ ಒಟ್ಟಿಗೆ ಉಲ್ಲೇಖಿಸಿ ಮುಂದೆ ಸಾಗುವುದು ವಾಡಿಕೆ. ಅವುಗಳ ನಡುವಿನ ಅಂತರವನ್ನು ಓದುವುದು ಹೆಚ್ಚು ಫಲದಾಯಕ. ಗೊತ್ತಿದ್ದೂ ಚಿಂತೆ ಮಾಡದವರು ನೂರಕ್ಕೆ 23 ಮಂದಿ. ಪ್ರಚಾರದಿಂದ ತಲುಪಬಹುದಾದವರು ಇವರು. ಚಿಂತೆಯಿದ್ದೂ ಅಂಥ ಸಂಸ್ಥೆಗೆ ಹೋಗದವರು 20 ಮಂದಿ. ಇವರ ದಾರಿಯಲ್ಲಿದ್ದದ್ದು ದೂರ, ದುಡ್ಡು, ಒಂದು ದಿನದ ಕೂಲಿ, ಮತ್ತು ಹೋದವರು ಬರಿಗೈಯಲ್ಲಿ ಬಂದ ಸುದ್ದಿ. ಉಳಿದ 52 ಮಂದಿಗೆ ಪ್ರಚಾರವೂ ಬೇಡ, ವ್ಯಾನೂ ಬೇಡ. ಅವರು ಬಾಗಿಲಿಗೇ ಬಂದಿದ್ದಾರೆ. ತುಮಕೂರು ಜಿಲ್ಲೆಗೆ ಇದನ್ನು ಅನ್ವಯಿಸಿದರೆ ಎರಡು ಸಾವಿರಕ್ಕೂ ಹೆಚ್ಚು ಸೋಂಕು ಹರಡುವ ರೋಗಿಗಳು ಸರ್ಕಾರಿ, ಖಾಸಗಿ ಚಿಕಿತ್ಸಾಲಯಗಳ ಜಗುಲಿ ತುಳಿದು ವಾಪಸಾಗಿದ್ದರು. ಅಷ್ಟು ಜನರನ್ನು ಎಕ್ಸ್‌ರೇ ವ್ಯಾನಿನಿಂದ ಹಿಡಿಯಲು ಎಷ್ಟು ವರ್ಷ, ಎಷ್ಟು ಫಿಲ್ಮು ಬೇಕಿತ್ತು!

ಯೋಜನೆ ಹುಟ್ಟಿದ್ದು ಇಲ್ಲಿಂದ. 1961 ಮೂರನೇ ಪಂಚವಾರ್ಷಿಕ ಯೋಜನೆಯ ಮೊದಲ ವರ್ಷ. ಸಮುದಾಯ ಅಭಿವೃದ್ಧಿ ಬ್ಲಾಕುಗಳಲ್ಲಿ ಒಂದೊಂದೇ ಪ್ರಾಥಮಿಕ ಆರೋಗ್ಯ ಕೇಂದ್ರ ತೆರೆಯುತ್ತಿದ್ದ ಕಾಲ. ಕ್ಷಯಕ್ಕೆಂದೇ ಪ್ರತ್ಯೇಕ ಸೈನ್ಯ ಕಟ್ಟುವುದು ಬೇಡ, ಇರುವ ಆಸ್ಪತ್ರೆ-ಡಿಸ್ಪೆನ್ಸರಿಗಳ ಮೂಲಕವೇ ಕೆಲಸವಾಗಲಿ ಎಂದು ಸಂಸ್ಥೆ ತೀರ್ಮಾನಿಸಿತು. ಮಲೇರಿಯಾ ನಿರ್ಮೂಲನೆ 1958ರಿಂದ ತನ್ನದೇ ಸಿಬ್ಬಂದಿ, ತನ್ನದೇ ಜೀಪು ಇಟ್ಟುಕೊಂಡು ಮೆರೆಯುತ್ತಿದ್ದಾಗ ಇದು ಪ್ರವಾಹದ ವಿರುದ್ಧದ ಈಜು. ಜಿಲ್ಲಾ ಕೇಂದ್ರದಲ್ಲಿ ಒಂದು ಚಿಕ್ಕ ತಂಡ: ಜಿಲ್ಲಾ ಕ್ಷಯ ಅಧಿಕಾರಿ, ಚಿಕಿತ್ಸಾ ಸಂಘಟಕ, ಪ್ರಯೋಗಾಲಯ ಮತ್ತು ಎಕ್ಸ್‌ರೇ ತಂತ್ರಜ್ಞರು, ಅಂಕಿಅಂಶ ಸಹಾಯಕ, ಬಿಸಿಜಿ ತಂಡದ ಮುಖ್ಯಸ್ಥ. ಇವರನ್ನು ಬಿಡಿಬಿಡಿಯಾಗಿ ಅಲ್ಲ, ಇಡೀ ತಂಡವಾಗಿ ಬೆಂಗಳೂರಿಗೆ ಕರೆಸಿ ತರಬೇತಿ ಕೊಟ್ಟರು. ಉಳಿದ ಕೆಲಸ ತಾಲ್ಲೂಕು ಆಸ್ಪತ್ರೆ ಮತ್ತು ಹಳ್ಳಿಯ ಕೇಂದ್ರಗಳದ್ದು. ಸೂಕ್ಷ್ಮದರ್ಶಕ ಇರುವ ಕಡೆ ಕಫ ಪರೀಕ್ಷೆ, ಇಲ್ಲದ ಕಡೆ ಕಫವನ್ನು ಗಾಜಿನ ಪಟ್ಟಿಗೆ ಬಳಿದು ಕಳಿಸುವುದು. ಮೊದಲ ಮಾದರಿ ಜಿಲ್ಲೆಯಾದದ್ದು ನೆರೆಯ ಅನಂತಪುರ. 1962ರಲ್ಲಿ ಇದೇ ರಾಷ್ಟ್ರೀಯ ಕಾರ್ಯಕ್ರಮವಾಯಿತು.

ಈ ಯೋಜನೆಯ ಪ್ರತಿಭೆ ಇದ್ದದ್ದು ಅದರ ಉಪಕರಣದ ಆಯ್ಕೆಯಲ್ಲಿ. ಕನ್ನಡಿಯಿಂದ ಬಿಸಿಲನ್ನು ಹಿಡಿದು ನೋಡುವ ಸೂಕ್ಷ್ಮದರ್ಶಕಕ್ಕೆ ವಿದ್ಯುತ್ತೇ ಬೇಕಿಲ್ಲ. ಬೆಳಗಿನ ಕಫವನ್ನು ಕಡ್ಡಿಯಿಂದ ಗಾಜಿಗೆ ತೆಳ್ಳಗೆ ಸವರಿ, ಒಣಗಿಸಿ, ಕೆಂಪು ಕಾರ್ಬಾಲ್ ಫುಕ್ಸಿನ್ ಸುರಿದು, ಸ್ಪಿರಿಟ್ ದೀಪದಿಂದ ಕೆಳಗಿನಿಂದ ಆವಿ ಏಳುವವರೆಗೆ, ಕುದಿಯದಂತೆ, ಕಾಯಿಸಬೇಕು. ಆಮೇಲೆ ಆಮ್ಲ ಹಾಕಿ ತೊಳೆದರೆ ಉಳಿದೆಲ್ಲದರ ಬಣ್ಣ ಹೋಗುತ್ತದೆ, ಮೇಣದಂಥ ಕವಚವಿರುವ ಕ್ಷಯಾಣು ಮಾತ್ರ ಬಣ್ಣ ಬಿಡುವುದಿಲ್ಲ. ಮೆಥಿಲೀನ್ ನೀಲಿಯ ಹಿನ್ನೆಲೆಯಲ್ಲಿ ತೆಳುವಾದ ಕೆಂಪು ಕಡ್ಡಿಗಳು ಕಾಣುತ್ತವೆ. ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಗಟ್ಟಲೆ ರೋಗಾಣು ಇಲ್ಲದಿದ್ದರೆ ಇದು ತಪ್ಪಿಹೋಗುತ್ತದೆ, ನಿಜ. ಆದರೆ ಅಷ್ಟು ರೋಗಾಣು ಇರುವವರೇ ಊರಿಗೆಲ್ಲ ಹಂಚುವವರು. ಪರೀಕ್ಷೆಯ ದೌರ್ಬಲ್ಯವನ್ನೇ ಆದ್ಯತೆಯನ್ನಾಗಿ ಮಾಡಿಕೊಂಡ ಈ ತರ್ಕ ಜಾಣತನದ್ದು, ಸ್ವಲ್ಪ ನಿಷ್ಠುರವಾದದ್ದು ಕೂಡ.

ನಿಷ್ಠುರತೆ ಇನ್ನೊಂದೆಡೆಯೂ ಇದೆ. 1961ರಲ್ಲೇ ಸಂಸ್ಥೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ದೀರ್ಘಕಾಲದ ಅಧ್ಯಯನ ಆರಂಭಿಸಿತು. 1968ರವರೆಗೆ ನಾಲ್ಕು ಸುತ್ತು ನಡೆದ ಅದರ ಫಲಿತಾಂಶ 1974ರಲ್ಲಿ ಹೊರಬಂತು. ಸಂಘಟಿತ ಕ್ಷಯ ಕಾರ್ಯಕ್ರಮವಿಲ್ಲದ ಆ ಹಳ್ಳಿಗಳಲ್ಲಿ, ಕಫದಲ್ಲಿ ರೋಗಾಣು ಇದ್ದವರ ಪೈಕಿ ಐದು ವರ್ಷಗಳಲ್ಲಿ ಶೇ. 49ರಷ್ಟು ಮಂದಿ ಸತ್ತಿದ್ದರು, ಶೇ. 18ರಷ್ಟು ಮಂದಿ ಇನ್ನೂ ರೋಗಾಣು ಹೊರಹಾಕುತ್ತಿದ್ದರು, ಉಳಿದ ಮೂರನೇ ಒಂದು ಭಾಗದವರು ರೋಗಾಣುಮುಕ್ತರಾಗಿದ್ದರು. ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಉಲ್ಲೇಖಿಸುವ ಅಂಕಿ ಇದು. ನೈತಿಕ ಸಮಿತಿಯೊಂದರ ಮುಂದೆ ಇಂಥ ಅಧ್ಯಯನ ಇಂದು ನಿಲ್ಲಲಾರದು.

ಯೋಜನೆ ಎಲ್ಲಿ ಸೋತಿತು? ಕಾಗದದ ಮೇಲೆ ಎಲ್ಲವೂ ಇತ್ತು: ಇಬ್ಬಗೆಯ ಚಿಕಿತ್ಸಾ ಕಾರ್ಡು, ತಿಂಗಳಿಗೊಮ್ಮೆ ಮಾತ್ರೆ, ಬಾರದಿದ್ದರೆ ಪತ್ರ, ಪತ್ರಕ್ಕೂ ಬಾರದಿದ್ದರೆ ಮನೆಗೆ ಭೇಟಿ. ಆದರೆ ಕೆಮ್ಮಿನ ಸೀಸೆ ಕೊಟ್ಟು ಕಳಿಸಿದ್ದ ಅದೇ ಡಿಸ್ಪೆನ್ಸರಿಯೇ ಈಗ ಕಫ ನೋಡಬೇಕಿತ್ತು, ಒಂದೂವರೆ ವರ್ಷ ಮಾತ್ರೆ ಕೊಡಬೇಕಿತ್ತು. ಅದು ಮೊದಲು ಯಾಕೆ ಸೀಸೆ ಕೊಟ್ಟಿತು ಎಂಬ ಪ್ರಶ್ನೆಯನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಲಿಲ್ಲ. ರೋಗಿಗಳನ್ನು ಸಂದರ್ಶಿಸಿದಷ್ಟು ಎಚ್ಚರದಿಂದ ವೈದ್ಯರನ್ನೂ ಕಾಂಪೌಂಡರುಗಳನ್ನೂ ಸಂದರ್ಶಿಸಿದ್ದರೆ, ಒಬ್ಬ ವೈದ್ಯನ ಎದುರು ಬೆಳಗ್ಗೆ ನಿಲ್ಲುವ ಸಾಲಿನ ಉದ್ದವೇ ಉತ್ತರ ಹೇಳುತ್ತಿತ್ತು ಎಂದು ನನ್ನ ಊಹೆ. ಅಷ್ಟರಲ್ಲಿ 1966ರಿಂದ ಕುಟುಂಬ ಯೋಜನೆಯ ಗುರಿಗಳು ಬಂದವು. ಆರೋಗ್ಯ ಕೇಂದ್ರದ ಸಿಬ್ಬಂದಿಯ ಬಡ್ತಿ, ಸಂಬಳ, ವರ್ಗಾವಣೆಗಳೆಲ್ಲ ಸಂತಾನಹರಣ ಶಸ್ತ್ರಚಿಕಿತ್ಸೆಯ ಸಂಖ್ಯೆಗೆ ಅಂಟಿಕೊಂಡವು; ಕಫದ ಡಬ್ಬಿಗೆ ಯಾವ ಗುರಿಯೂ ಇರಲಿಲ್ಲ. ಬ್ಯಾನರ್ಜಿಯವರೇ ಮುಂದೆ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಿಂದ ಇದನ್ನು ಬಿಡದೆ ಟೀಕಿಸಿದರು. ಕಾರ್ಯಕ್ರಮದ 1992ರ ಪರಾಮರ್ಶೆಯ ಹೊತ್ತಿಗೆ ಔಷಧಿ ಕೊರತೆ, ಎಕ್ಸ್‌ರೇಯ ಮೇಲಿನ ಅತಿಯಾದ ಅವಲಂಬನೆ, ಮೂರನೇ ಒಂದು ಭಾಗದಷ್ಟೂ ಮುಗಿಯದ ಚಿಕಿತ್ಸೆ ಇವೆಲ್ಲ ಬಯಲಾದವು. 1993ರಲ್ಲಿ ಪ್ರಾಯೋಗಿಕವಾಗಿ, 1997ರಿಂದ ವಿಸ್ತಾರವಾಗಿ ಬಂದ ಪರಿಷ್ಕೃತ ಕಾರ್ಯಕ್ರಮ ಮಾತ್ರೆ ನುಂಗುವುದನ್ನು ಕಣ್ಣಾರೆ ನೋಡುವ ಪದ್ಧತಿ ತಂದಿತು. ರೋಗಿಯನ್ನು ನಂಬಿದ 1961ರ ಧೋರಣೆಯಿಂದ ಇದು ಒಂದು ಹೆಜ್ಜೆ ಹಿಂದಕ್ಕೆ ಎಂದೇ ನಾನು ಓದುತ್ತೇನೆ, ಗುಣವಾದವರ ಸಂಖ್ಯೆ ಹೆಚ್ಚಿದ್ದು ನಿಜವಾದರೂ.

ತುಮಕೂರಿನ ಅಂಕಿಗಳನ್ನು ಸಾರ್ವಕಾಲಿಕ ಎಂದು ಹಿಡಿಯುವುದೂ ತಪ್ಪು. 2019-21ರ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ರೋಗಲಕ್ಷಣವಿದ್ದವರ ಪೈಕಿ ಸುಮಾರು ಶೇ. 64ರಷ್ಟು ಮಂದಿ ಚಿಕಿತ್ಸೆಗೆ ಹೋಗಿರಲೇ ಇಲ್ಲ. ಪತ್ತೆಯಾದ ರೋಗಿಗಳಲ್ಲಿ ಶೇ. 42ಕ್ಕಿಂತ ಹೆಚ್ಚು ಮಂದಿ ಎಕ್ಸ್‌ರೇ ತೆಗೆಯದೇ ಇದ್ದಿದ್ದರೆ ತಪ್ಪಿಹೋಗುತ್ತಿದ್ದರು. ಎರಡು ಸಮೀಕ್ಷೆಗಳ ವ್ಯಾಖ್ಯೆ ಬೇರೆ, ಕೇಳಿದ ಜನವೂ ಬೇರೆ. ನೇರ ಹೋಲಿಕೆ ಸಲ್ಲದು. ಒಂದು ಮಾತನ್ನಂತೂ ಹೇಳಬಹುದು: ಬಾಗಿಲಿಗೆ ಬಂದವರನ್ನು ನೋಡಿದರೆ ಸಾಕು ಎಂಬ ತೀರ್ಮಾನ 1961ಕ್ಕೆ ಸರಿಯಿತ್ತು, ಇಂದಿಗೆ ಸಾಲದು. ಯೋಜನೆ ಬರೆಯುವ ಮುನ್ನ ಜಿಲ್ಲೆಯ ರೋಗಿಯನ್ನೇ ಕೇಳುವ ಕ್ರಮಕ್ಕೆ ಮಾತ್ರ ವಯಸ್ಸಾಗಿಲ್ಲ.

ಸಂಶೋಧಕರಲ್ಲಿ ಒಂದು ವಿನಂತಿ. ಆ ಅಧ್ಯಯನಗಳ ಇಂಗ್ಲಿಷ್ ಪ್ರಬಂಧಗಳು ಎಲ್ಲರಿಗೂ ಸಿಗುತ್ತವೆ. ಆ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದವರು, ವ್ಯಾನು ಓಡಿಸಿದವರು, ಗಾಜಿನ ಪಟ್ಟಿಗೆ ಬಣ್ಣ ಹಾಕಿದವರು, ಮಾತ್ರೆ ನುಂಗಿ ಬದುಕಿದವರು ಇಂದು ಎಂಬತ್ತು ದಾಟಿದವರು. ತುಮಕೂರು, ಅನಂತಪುರ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ಅವರನ್ನು ಹುಡುಕಿ ಮಾತನಾಡಿಸುವ ಕೆಲಸವನ್ನು, ತಾಲ್ಲೂಕು ಆಸ್ಪತ್ರೆಗಳ ಉಗ್ರಾಣದಲ್ಲಿ ಹಳೆಯ ಚಿಕಿತ್ಸಾ ಕಾರ್ಡುಗಳು ಉಳಿದಿದ್ದರೆ ರದ್ದಿಗೆ ಹೋಗುವ ಮೊದಲು ತೆಗೆದಿಡುವ ಕೆಲಸವನ್ನು, ರಾಜ್ಯದ ಯಾವುದಾದರೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಬೇಗ ಕೈಗೆತ್ತಿಕೊಳ್ಳಬೇಕು.