ಸೀಸಕ, ಜೋಡು, ವಜ್ರಾಂಗಿ

ಬಯಲಾಟದ ಕರ್ಣಾರ್ಜುನರನ್ನು ನೋಡಿ ಬೆಳೆದ ನಮ್ಮ ಕುಂದಾಪುರ ಸೀಮೆಯ ಹುಡುಗರಿಗೆ ಒಂದು ದೃಢವಾದ ನಂಬಿಕೆಯುಂಟು. ಹಿಂದಿನ ವೀರರೆಲ್ಲರೂ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ಧರಿಸಿಯೇ ಕಾಳಗಕ್ಕೆ ಹೊರಡುತ್ತಿದ್ದರಂತೆ! ಹಗುರವಾದ ಮರವನ್ನು ಕೆತ್ತಿ ಬೇಗಡೆ ಹಚ್ಚಿದ ಆ ಆಭರಣಗಳು ದೀಪದ ಬೆಳಕಿಗೆ ಹೊಳೆಯಬೇಕೆಂದು ಮಾಡಿದವು. ಕತ್ತಿಯ ಒಂದೇಟನ್ನೂ ತಡೆಯಲಾರವು. ತರಗತಿಯಲ್ಲಿ ಹೀಗೆಂದರೆ ಹುಡುಗರ ಮುಖ ಬಾಡುತ್ತದೆ.

ಹಳೆಯ ಕಾವ್ಯಗಳನ್ನು ಕೇಳಿದರೆ ಸಾಮಗ್ರಿಗೇನೂ ಕೊರತೆಯಿಲ್ಲ. ತಲೆಗೆ ಸೀಸಕ, ಮೈಗೆ ಜೋಡು, ವಜ್ರಾಂಗಿ, ಕುದುರೆಗೆ ಹಕ್ಕರಿಕೆ. (ಜೋಡೆಂದರೆ ಕಾಲಿನ ಕೆರವೆಂದೇ ಬಲ್ಲ ಮಕ್ಕಳು ಈ ಅರ್ಥ ಕೇಳಿ ನಗುತ್ತಾರೆ.) ಇವನ್ನು ಕೇವಲ ಕವಿಕಲ್ಪನೆಯೆನ್ನುವಂತೆಯೂ ಇಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ರಾವುತರ ಉಡುಪನ್ನು ವರ್ಣಿಸಿದ್ದಾನೆ. ಗಟ್ಟಿ ಹಸಿದೊಗಲಿನ ಪದರಗಳಿಗೆ ಲೋಹದ ತಗಡು ಕೂಡಿಸಿದ ಅಂಗಿ. ಕುತ್ತಿಗೆಯನ್ನೂ ಮುಖವನ್ನೂ ಕಾಯುವ ಶಿರಸ್ತ್ರಾಣ. ಆದರೆ ಅವನು ಕಂಡದ್ದು ರಾಜಧಾನಿಯ ಸೇನಾವೈಭವ. ಆ ಸಾಮ್ರಾಜ್ಯದ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲೊಂದಾದ ಭಟ್ಕಳ ನಮ್ಮ ಬೈಂದೂರಿಗೆ ನೆರೆಯೂರಾದರೂ, ಇಳಿದ ಕುದುರೆಗಳು ಘಟ್ಟ ಹತ್ತಿ ಹೋಗುತ್ತಿದ್ದವು.

ದೂರದ ಆಫ್ರಿಕದಲ್ಲಿಯೂ ಕವಚ ರಾವುತನದೇ ಸೊತ್ತು. ಸುಡಾನ್ ಸೀಮೆಯಲ್ಲಿ ನಮ್ಮ ಬೂರುಗದಂಥ ಹತ್ತಿಯನ್ನು ತುಂಬಿ ಹೊಲಿದ ದಪ್ಪ ಹೊದಿಕೆಗಳೂ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿಗಳೂ ಹತ್ತೊಂಬತ್ತನೆಯ ಶತಮಾನದವರೆಗೆ ಬಳಕೆಯಲ್ಲಿದ್ದವು. 1898ರ ಸೆಪ್ಟೆಂಬರ್ 2ರಂದು ಓಂಡರ್ಮನ್ನಿನಲ್ಲಿ ಖಲೀಫನ ಸೈನ್ಯ ಮ್ಯಾಕ್ಸಿಂ ಬಂದೂಕಿಗೆ ಎದುರಾಯಿತು. ಒಂದು ಬೆಳಗಿನೊಳಗೆ ಅವನ ಕಡೆ 10,000ಕ್ಕೂ ಮಿಕ್ಕಿ ಜನ ಮಡಿದರು.

ಇನ್ನು ನಮ್ಮ ಕರಾವಳಿಯ ಕಾಲಾಳಿನ ಮಾತು. ಅದಕ್ಕಾಗಿ ಹುಡುಗರನ್ನು ಬ್ರಹ್ಮಾವರಕ್ಕೆ ಸಮೀಪದ ಬಾರಕೂರಿಗೆ ಕರೆದೊಯ್ದೆ. ಅಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ರಾಜ್ಯಪಾಲರ ನೆಲೆಯಾಗಿ ಮೆರೆದ ಊರದು. ವೀರಗಲ್ಲೊಂದರ ಮುಂದೆ ಕುಳಿತು ಎಲ್ಲರೂ ಕಿರೀಟವನ್ನು ಹುಡುಕಿದರು. ಸಿಕ್ಕಿದ್ದು ತುರುಬು ಕಟ್ಟಿದ ಬರಿತಲೆ, ಸೊಂಟಕ್ಕೆ ಬಿಗಿದ ವಸ್ತ್ರ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹರಿಗೆ, ಎಂದರೆ ಗುರಾಣಿ. ಶಿಲ್ಪಿ ಮರೆತಿರಬಹುದೆಂದು ಒಬ್ಬ ವಾದಿಸಿದ. ಕಿವಿಯ ಓಲೆಯನ್ನೂ ಕೈಯ ಬಳೆಯನ್ನೂ ಮರೆಯದೆ ಬಿಡಿಸಿದವನು ತಲೆಗಾಪನ್ನು ಮರೆತನೆಂದು ಹೇಗೆ ನಂಬಲಿ?

ವರ್ಷಕ್ಕೆ 100 ಅಂಗುಲಕ್ಕೂ ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ತೊಗಲು ಬೂಸಲು ಹಿಡಿಯುತ್ತದೆ. ಕೆಸರುಗದ್ದೆಯಲ್ಲೂ ಹೊಳೆಯ ಕಡವಿನಲ್ಲೂ ಕಾದಾಡುವವನಿಗೆ ಭಾರವೇ ಶತ್ರು. ಇದೆಲ್ಲ ನಿಜವಿರಬಹುದು. ಆದರೂ ಮುಖ್ಯ ಕಾರಣ ಬಡತನವೆಂದೇ ನನ್ನ ಊಹೆ. ಜೋಡು ಮಾಡಿಸುವ ಹಣವಿದ್ದವನು ಕುದುರೆಯ ಮೇಲಿರುತ್ತಿದ್ದನು.

ಹಿಂದಿರುಗುವ ಮುನ್ನ ಚಿಕ್ಕವನೊಬ್ಬ ಕಲ್ಲಿನ ಹರಿಗೆಯ ಮೇಲೆ ತನ್ನ ಅಂಗೈ ಇಟ್ಟು ಅಳೆದ. "ಇಷ್ಟೇಯಾ, ಮಾಷ್ಟ್ರೇ?" ಎಂದ. ಇಷ್ಟೇ ಎಂದೆ. ಬಸ್ಸಿಗೆ ಹೊತ್ತಾಗಿತ್ತು; ಅವನು ಮಾತ್ರ ಪಾಚಿಯನ್ನು ಬೆರಳಿನಿಂದ ಕೆರೆದು, ಆ ತುರುಬಿನ ಗಂಟನ್ನು ಇನ್ನೂ ನೋಡುತ್ತಲೇ ಇದ್ದ.